ಬಿಗಿಯದೇ ಉಳಿದ ಒಂದು ನಟ್ಟು

ಹಳದಿ ಹಗ್ಗ ದಾಟಿ ಒಳಗೆ ಬಂದವರನ್ನು ನಾನು ಮೊದಲು ಬೈಯುತ್ತೇನೆ, ಆಮೇಲೆ ಮುಖ ನೋಡುತ್ತೇನೆ. ಅವತ್ತೂ ಅಷ್ಟೇ ಆಯಿತು.

"ಆ ಹಗ್ಗ ಬಟ್ಟೆ ಒಣಗಿಸೋಕೆ ಕಟ್ಟಿಲ್ಲ ರೀ! ಹಿಂದೆ ಹೋಗಿ!"

ತಲೆ ಎತ್ತಿದರೆ, ಒಂದು ಕಾಲು ಹಗ್ಗದ ಆಚೆ, ಒಂದು ಕಾಲು ಈಚೆ ಇಟ್ಟುಕೊಂಡು ಒಬ್ಬರು ನಿಂತಿದ್ದರು. ನಲವತ್ತು ದಾಟಿದ ವಯಸ್ಸು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಇಸ್ತ್ರಿಯೇ ಕಾಣದ ಮುಖ. ಎರಡೂ ಕೈಯಲ್ಲಿ ಒಂದೊಂದು ಕಾಗದದ ಲೋಟ.

"ಹಿಂದೆ ಅಂದ್ರೆ ಯಾವ ಕಾಲು ಮೇಡಂ?" ಎಂದು ಕೇಳಿದರು.

"ಎರಡೂ."

ಅವರು ಎರಡೂ ಕಾಲನ್ನು ಆಚೆ ತೆಗೆದುಕೊಂಡು, ಒಂದು ಲೋಟವನ್ನು ಹಗ್ಗದ ಮೇಲಿಂದ ಚಾಚಿದರು. "ಎರಡೂ ಟೀ ನನಗೇ ಅಂತ ತಂದಿದ್ದು. ಬೆಳಗ್ಗೆ ನಾಲ್ಕಕ್ಕೆ ಎದ್ದಿದೀನಿ. ಆದ್ರೆ ನಿಮ್ಮ ಮುಖ ನೋಡಿದ ಮೇಲೆ ನಾನೇ ವಾಸಿ ಅನ್ನಿಸ್ತು. ತಗೊಳ್ಳಿ."

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ, ಯಾಕೆಂದರೆ ಸಿಟ್ಟಿಗೂ ಒಂದಿಷ್ಟು ತ್ರಾಣ ಬೇಕು. ನಮ್ಮ ಗ್ಯಾರೇಜಿನಲ್ಲಿ ಹೈಬ್ರಿಡ್ ಕಾರಿನ ದೊಡ್ಡ ಬ್ಯಾಟರಿ ಮುಟ್ಟುವ ಲೈಸೆನ್ಸ್ ಇರುವುದು ನನ್ನೊಬ್ಬಳಿಗೆ. ಇನ್ನೊಬ್ಬ ಇದ್ದ, ಎರಡು ವರ್ಷದ ಹಿಂದೆ ಕೆಲಸ ಬಿಟ್ಟ. ಅವನ ಜಾಗಕ್ಕೆ ಯಾರನ್ನಾದರೂ ತರುತ್ತೇವೆ ಎಂದು ಮ್ಯಾನೇಜರ್ ಪ್ರತಿ ಸೋಮವಾರ ಹೇಳುತ್ತಾರೆ. ಸೋಮವಾರಗಳು ಬರುತ್ತಲೇ ಇವೆ.

ಗ್ಲೌಸ್ ತೆಗೆದು ಹಗ್ಗದ ಹತ್ತಿರ ಹೋಗಿ ಟೀ ತೆಗೆದುಕೊಂಡೆ.

"ಕಾರಿಗೇನಾಗಿದೆ?"

"ಸತ್ತಿದೆಯಂತೆ," ಎಂದರು ಅವರು, ದೂರದ ನೆಂಟರ ವಿಷಯ ಹೇಳುವ ಹಾಗೆ. "ಮೂರು ಗ್ಯಾರೇಜಲ್ಲಿ ತೋರಿಸಿದೆ. ಮೂರೂ ಕಡೆ ಬ್ಯಾಟರಿ ಹೋಗಿದೆ, ಪೂರ್ತಿ ಬದಲಾಯಿಸಿ, ಇಲ್ಲಾಂದ್ರೆ ಗುಜರಿಗೆ ಹಾಕಿ ಅಂದ್ರು. ನಡು ರಸ್ತೇಲಿ ಡ್ಯಾಶ್‌ಬೋರ್ಡ್ ಮೇಲೆ ಕೆಂಪು ತ್ರಿಕೋನ ಬರುತ್ತೆ, ಕಾರು ಆಮೆ ಆಗುತ್ತೆ. ಹಿಂದೆ ಪೇಷೆಂಟ್ ಕೂತಿರ್ತಾರೆ."

ಅವರು ಆಸ್ಪತ್ರೆಯ ಲಿಸ್ಟಿನಲ್ಲಿರುವ ಡ್ರೈವರ್. ಡಯಾಲಿಸಿಸ್‌ಗೆ ಹೋಗುವ ನಾಲ್ಕು ಜನರನ್ನು ಮನೆಯಿಂದ ಕರೆದೊಯ್ದು, ನಾಲ್ಕು ಗಂಟೆ ಕಾದು, ವಾಪಸ್ ಮನೆಗೆ ಬಿಡುತ್ತಾರೆ. ಒಬ್ಬೊಬ್ಬರಿಗೆ ವಾರಕ್ಕೆ ಮೂರು ಸಲ. ಹನ್ನೊಂದು ವರ್ಷದಿಂದ ಅದೇ ಕೆಲಸ.

"ಇವತ್ತು ನೋಡ್ತೀನಿ," ಎಂದೆ. "ಆದ್ರೆ ಹಗ್ಗದ ಆಚೆಯೇ ಇರಬೇಕು."

"ಆಚೆಯೇ ಇರ್ತೀನಿ ಮೇಡಂ. ಆಚೆ ಇದ್ದು ಇದ್ದೇ ಅಭ್ಯಾಸ."

*

ಹೈಬ್ರಿಡ್ ಕಾರಿನ ಹಿಂದಿನ ಸೀಟಿನ ಬೆನ್ನಿಗೆ ಅಂಟಿಕೊಂಡ ಹಾಗೆ ದೊಡ್ಡ ಬ್ಯಾಟರಿ ಇರುತ್ತದೆ. ಇನ್ನೂರು ವೋಲ್ಟ್. ತಪ್ಪಿ ಮುಟ್ಟಿದರೆ ಎರಡನೇ ಮಾತಿಲ್ಲ. ಅದಕ್ಕೆ ನಮ್ಮಲ್ಲಿ ಶಾಸ್ತ್ರ ಜಾಸ್ತಿ. ಮೊದಲು ಕಿತ್ತಳೆ ಬಣ್ಣದ ಸರ್ವಿಸ್ ಪ್ಲಗ್ ಕಿತ್ತು ನನ್ನ ಜೇಬಿನಲ್ಲೇ ಇಟ್ಟುಕೊಳ್ಳಬೇಕು, ನಾನು ಒಳಗೆ ಕೈ ಹಾಕಿರುವಾಗ ಬೇರೆ ಯಾರೂ ತಿಳಿಯದೆ ಸಿಕ್ಕಿಸಬಾರದು. ಆಮೇಲೆ ಹತ್ತು ನಿಮಿಷ ಏನೂ ಮಾಡದೆ ಕಾಯಬೇಕು, ಒಳಗೆ ಉಳಿದ ಕರೆಂಟು ಇಳಿಯುವ ತನಕ. ನನಗೆ ಶಾಕ್ ಹೊಡೆದರೆ ಎಳೆದುಹಾಕಲು ಹಗ್ಗದ ಆಚೆ ಒಬ್ಬರು ಕೊಕ್ಕೆಕೋಲು ಹಿಡಿದು ನಿಂತಿರಬೇಕು.

ಕೋಲು ಹಿಡಿಯುವವರು ಗ್ರೀಸ್ ಮಾವ. ಕಾರ್ಬುರೇಟರ್ ಕಾಲದ ಮೆಕ್ಯಾನಿಕ್, ಅರವತ್ತು ದಾಟಿದೆ. ಹೈಬ್ರಿಡ್ ಕಾರು ಅವರ ಪ್ರಕಾರ ಕಾರೇ ಅಲ್ಲ. ಸದ್ದು ಮಾಡದ ಗಾಡಿಯನ್ನೂ ಬಾಯಿ ಬಿಡದ ಅಳಿಯನನ್ನೂ ನಂಬಬಾರದು ಎನ್ನುತ್ತಾರೆ.

ಆ ಹತ್ತು ನಿಮಿಷ ನನ್ನ ದಿನದಲ್ಲಿ ಸಿಗುವ ಒಂದೇ ಬಿಡುವು. ಸಾಮಾನ್ಯವಾಗಿ ಸ್ಟೂಲಿನ ಮೇಲೆ ಕೂತು ಗೋಡೆ ನೋಡುತ್ತೇನೆ. ಅವತ್ತು ಆ ಗೋಡೆಗೆ ಅಡ್ಡವಾಗಿ ಅವರು ನಿಂತಿದ್ದರು.

"ಏನು ಮಾಡ್ತಿದೀರಾ ಈಗ?" ಎಂದು ಕೇಳಿದರು.

"ಕಾಯ್ತಿದೀನಿ."

"ನಂದೂ ಅದೇ ಕೆಲಸ. ಸಂಬಳಾನೇ ಅದಕ್ಕೆ ಕೊಡೋದು." ಗಡಿಯಾರ ನೋಡಿ, "ಇಬ್ರೂ ಸೇರಿ ಕಾದ್ರೆ ಬೇಗ ಮುಗಿಯುತ್ತಾ?" ಎಂದರು.

ಗ್ರೀಸ್ ಮಾವ ಕೋಲಿಗೆ ಗಲ್ಲ ಊರಿ, "ನಾನೂ ಇದೀನಿ ಕಣಪ್ಪ, ಲೆಕ್ಕಕ್ಕೆ ತಗೋ," ಎಂದರು. ನಾನು ಗ್ಲೌಸಿನೊಳಗೆ ಗಾಳಿ ತುಂಬಿ ತೂತು ಇದೆಯೇ ಎಂದು ನೋಡುವ ನೆಪದಲ್ಲಿ ಮುಖ ಆ ಕಡೆ ತಿರುಗಿಸಿಕೊಂಡೆ.

ಬ್ಯಾಟರಿಯಲ್ಲಿ ಹದಿನಾಲ್ಕು ಬ್ಲಾಕು. ಒಂದೊಂದನ್ನೂ ಮೀಟರ್ ಹಿಡಿದು ಅಳೆದೆ. ಎಲ್ಲವೂ ಹದಿನಾರರ ಆಸುಪಾಸು, ಒಂದೇ ತಾಯಿಯ ಮಕ್ಕಳ ಹಾಗೆ. ಆದರೆ ಕಾರಿನ ಕಂಪ್ಯೂಟರನ್ನು ಓದುವ ಸ್ಕ್ಯಾನರ್‌ನಲ್ಲಿದ್ದ ದೂರು ಬೇರೆ: ವೋಲ್ಟೇಜ್ ಸೆನ್ಸರ್‌ನಲ್ಲಿ ತೊಂದರೆ, ಒಂಬತ್ತನೇ ಬ್ಲಾಕು ಕುಸಿದಿದೆ. ನಿಂತ ಕಾರಿನಲ್ಲಿ ಸುಳ್ಳು ಯಾರದ್ದೆಂದು ಗೊತ್ತಾಗುವ ಹಾಗಿರಲಿಲ್ಲ.

"ನಾಳೆ ಓಡಿಸಿ ನೋಡ್ಬೇಕು," ಎಂದೆ. "ನೀವು ಓಡಿಸಿ, ನಾನು ಹಿಂದೆ ಕೂರ್ತೀನಿ."

"ಪೇಷೆಂಟ್ ಸೀಟಲ್ಲಾ?"

"ಬ್ಯಾಟರಿ ಪಕ್ಕದಲ್ಲಿ."

"ಎರಡೂ ಒಂದೇ ಮೇಡಂ," ಎಂದು ನಕ್ಕರು. ನಗುವಾಗ ಅವರ ಸುಸ್ತು ಕಣ್ಣಿನ ಅಂಚಿಗೆ ಸರಿದು ಜಾಗ ಬಿಡುತ್ತಿತ್ತು. ಹಾಗೆ ಜಾಗ ಬಿಡುವ ಸುಸ್ತನ್ನು ನಾನು ಬೇರೆ ಯಾರ ಮುಖದಲ್ಲೂ ನೋಡಿರಲಿಲ್ಲ, ಕನ್ನಡಿಯಲ್ಲಂತೂ ಇಲ್ಲವೇ ಇಲ್ಲ.

*

ಬ್ಯಾಟರಿ ನಿಜಕ್ಕೂ ಸೋತಿದ್ದರೆ ಏರು ಹತ್ತುವಾಗ ವೋಲ್ಟೇಜ್ ಕುಸಿಯಬೇಕು. ಮರುದಿನ ಏರಿನಲ್ಲಿ ಜೋರಾಗಿ ಒತ್ತಿಸಿದೆ. ಸ್ಕ್ಯಾನರ್‌ನ ಹದಿನಾಲ್ಕೂ ಅಂಕಿ ಒಟ್ಟಿಗೆ ಇಳಿದು ಒಟ್ಟಿಗೆ ಏರಿದವು. ಒಂಬತ್ತನೆಯದೂ ಸಾಲು ಬಿಡಲಿಲ್ಲ.

ಆಮೇಲೆ ಒಂದು ಮನೆಗಳ ಬೀದಿ, ವೇಗ ತಗ್ಗಿಸಲು ಅಲ್ಲೊಂದು ಹಂಪು. ಕಾರು ಹಂಪು ಹತ್ತಿ ಇಳಿಯುವಷ್ಟರಲ್ಲಿ ಒಂಬತ್ತನೆಯ ಅಂಕಿ ಮಾತ್ರ ಹದಿನಾರರಿಂದ ಒಂಬತ್ತಕ್ಕೆ ಬಿದ್ದು, ಮತ್ತೆ ಹದಿನಾರಕ್ಕೆ ಎದ್ದು ನಿಂತಿತು.

"ವಾಪಸ್ ತಗೊಳ್ಳಿ. ಇನ್ನೊಂದ್ಸಲ."

ಹನ್ನೊಂದು ಸಲ ಆ ಹಂಪನ್ನು ಹತ್ತಿ ಇಳಿದೆವು. ನಾಲ್ಕನೇ ಸಲಕ್ಕೆ ಬಾಲ್ಕನಿಯಲ್ಲಿ ಪೇಪರ್ ಓದುತ್ತಿದ್ದವರು ಪೇಪರ್ ಮಡಚಿದರು. ಏಳನೇ ಸಲಕ್ಕೆ ಹೆಂಡತಿಯನ್ನು ಹೊರಗೆ ಕರೆದರು. ಹತ್ತನೇ ಸಲಕ್ಕೆ ಇಬ್ಬರೂ ನಮಗೆ ಕೈ ಬೀಸಿದರು. ಡ್ರೈವರ್ ಗಂಭೀರವಾಗಿ ವಾಪಸ್ ಕೈ ಬೀಸಿದರು.

ಪ್ರತಿ ಸಲ ಹಂಪು ಬರುವ ಮುಂಚೆ ಅವರು ಕನ್ನಡಿಯಲ್ಲಿ ನನ್ನನ್ನು ನೋಡುತ್ತಿದ್ದರು. ರೆಡಿಯಾ ಎಂದು ಕೇಳುವ ನೋಟ ಅದು. ನಾನು ತಲೆ ಆಡಿಸುತ್ತಿದ್ದೆ. ಏಳೆಂಟು ಸಲ ಆದ ಮೇಲೆ ನನಗೆ ಗೊತ್ತಾಯಿತು, ಅವರು ನೋಡುವ ಮೊದಲೇ ನಾನು ಕನ್ನಡಿ ನೋಡಿರುತ್ತಿದ್ದೆ.

"ಏನಂತೆ ಅದಕ್ಕೆ?" ಎಂದರು ಕೊನೆಗೆ, ಕಾರು ಪಕ್ಕಕ್ಕೆ ಹಾಕಿ.

"ನಿಮ್ಮ ಬ್ಯಾಟರಿ ಗಟ್ಟಿಯಾಗಿದೆ. ಸುದ್ದಿ ತರೋನು ಸುಳ್ಳು ಹೇಳ್ತಿದಾನೆ. ಒಂಬತ್ತನೇ ಬ್ಲಾಕಿಂದ ವೋಲ್ಟೇಜ್ ಎಷ್ಟಿದೆ ಅಂತ ಹೇಳೋಕೆ ಒಂದು ಸಣ್ಣ ವೈರ್ ಇರುತ್ತೆ. ಅದರ ಬುಡ ತುಕ್ಕು ಹಿಡಿದಿರಬೇಕು. ಕುಲುಕಿದಾಗ ಬಿಡುತ್ತೆ. ಕಾರಿನ ಕಂಪ್ಯೂಟರ್ ಅದನ್ನ ನಂಬ್ಕೊಂಡು ಬ್ಯಾಟರಿ ಸತ್ತಿದೆ ಅಂತ ಅಳುತ್ತೆ."

ಅವರು ಸ್ಟೀರಿಂಗ್ ಮೇಲೆ ಎರಡೂ ಕೈ ಇಟ್ಟುಕೊಂಡು ಮುಂದಿನ ರಸ್ತೆ ನೋಡಿದರು.

"ತಿಂಗಳಿಂದ ಎಲ್ರೂ ಸತ್ತಿದೆ ಅಂತಾನೇ ಹೇಳ್ತಿದ್ರು," ಎಂದರು. "ನೀವೊಬ್ರೇ ಮೇಡಂ ಬೇರೆ ಮಾತು ಹೇಳಿದ್ದು."

ಯಾರಾದರೂ ಹೊಗಳಿದರೆ ನನಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. ಸ್ಕ್ಯಾನರ್ ಆಫ್ ಮಾಡಿದೆ, ಮತ್ತೆ ಆನ್ ಮಾಡಿದೆ, ಮತ್ತೆ ಆಫ್ ಮಾಡಿದೆ.

*

ಹೊಸ ವೈರ್ ಬರಲು ಮೂರು ದಿನ ಹಿಡಿಯಿತು. ನಾಲ್ಕನೇ ದಿನ ಮಧ್ಯಾಹ್ನ ಬ್ಯಾಟರಿ ಬಿಚ್ಚಿದೆ. ಒಂಬತ್ತನೇ ಬ್ಲಾಕಿನ ತಾಮ್ರದ ಪಟ್ಟಿಯ ಮೇಲೆ ಹಸಿರು ತುಕ್ಕು, ಪಾಚಿ ಕಟ್ಟಿದ ಹಾಗೆ. ಉಜ್ಜಿ ತೆಗೆದು, ಹೊಸ ವೈರ್ ಕೂರಿಸಿದೆ.

ಆಮೇಲೆ ನಟ್ಟು ಬಿಗಿಯುವುದು. ಐವತ್ತಾರು ನಟ್ಟು. ಮೊದಲು ಎಲ್ಲವನ್ನೂ ಕೈಯಲ್ಲಿ ಹಿಡಿತಕ್ಕೆ ಬರುವಷ್ಟು ತಿರುಗಿಸಬೇಕು. ಎರಡನೇ ಸುತ್ತಿನಲ್ಲಿ ಟಾರ್ಕ್ ರೆಂಚ್ ಹಿಡಿದು ಒಂದೊಂದನ್ನೂ ಅಳತೆಗೆ ತಕ್ಕಂತೆ ಬಿಗಿಯಬೇಕು. ಅಳತೆ ಮುಟ್ಟಿದಾಗ ರೆಂಚ್ ಬೀಪ್ ಎನ್ನುತ್ತದೆ. ಕೊನೆಗೆ ಪ್ರತಿ ನಟ್ಟಿನ ಮೇಲೂ ಅದರ ಕೆಳಗಿನ ಪಟ್ಟಿಯ ಮೇಲೂ ಸೇರಿ ಬರುವಂತೆ ಬಿಳಿ ಪೆನ್ನಿನಲ್ಲಿ ಒಂದು ಗೆರೆ ಎಳೆಯಬೇಕು. ಯಾವತ್ತಾದರೂ ನಟ್ಟು ತಿರುಗಿದರೆ ಗೆರೆ ಮುರಿಯುತ್ತದೆ, ಕಂಡುಹಿಡಿಯುವುದು ಸುಲಭ.

ಅವರು ಹಗ್ಗದ ಆಚೆ ನಿಂತು ಟೀಚರಜ್ಜಿಯ ಕಥೆ ಹೇಳುತ್ತಿದ್ದರು. ಟೀಚರಜ್ಜಿ ಅವರ ನಾಲ್ಕು ಪೇಷೆಂಟ್‌ಗಳಲ್ಲಿ ಒಬ್ಬರು, ರಿಟೈರಾದ ಲೆಕ್ಕದ ಟೀಚರ್.

"ಪ್ರತಿ ಸಲ ಇಳಿಯೋವಾಗ ನನ್ನ ಡ್ರೈವಿಂಗಿಗೆ ಮಾರ್ಕ್ಸ್ ಕೊಡ್ತಾರೆ ಮೇಡಂ. ಹತ್ತಕ್ಕೆ ಏಳು ದಾಟಿದ್ದೇ ಇಲ್ಲ. ನಿನ್ನೆ ಬದಲಿ ಕಾರಲ್ಲಿ ಕರ್ಕೊಂಡು ಹೋದ್ರೆ ನಾಲ್ಕು ಕೊಟ್ರು."

ಬೀಪ್. ಬೀಪ್.

"ಯಾಕಜ್ಜಿ, ಒಂದು ಗುಂಡಿಗೂ ಇಳಿಸಿಲ್ಲವಲ್ಲ ಅಂದೆ. ಅದಕ್ಕೆ ಅವರು, ಗುಂಡಿಗಲ್ಲಪ್ಪ, ಗ್ಯಾರೇಜಿನ ರಸ್ತೆ ಹತ್ರ ಬಂದಾಗ ನೀನು ಕನ್ನಡಿ ನೋಡಿ ತಲೆ ಬಾಚ್ಕೊಂಡೆ, ಮೂರು ಮಾರ್ಕ್ಸ್ ಅದಕ್ಕೇ ಹೋಯ್ತು ಅಂದ್ರು."

ಗ್ರೀಸ್ ಮಾವ ಕೋಲು ಬಿಟ್ಟು ಹೊಟ್ಟೆ ಹಿಡಿದುಕೊಂಡರು. ನಾನೂ ನಕ್ಕೆ. ಮೆಲ್ಲಗಲ್ಲ, ರೆಂಚ್ ತೊಡೆಯ ಮೇಲೆ ಇಟ್ಟುಕೊಂಡು ಕಣ್ಣಲ್ಲಿ ನೀರು ಬರುವ ತನಕ. ಹಾಗೆ ನಕ್ಕು ಎಷ್ಟು ವರ್ಷವಾಗಿತ್ತೋ, ಗಂಟಲಿಗೆ ಅಭ್ಯಾಸ ತಪ್ಪಿ ಕೆಮ್ಮು ಬಂತು. ಅವರು ನಗಲಿಲ್ಲ. ನಾನು ನಗುವುದನ್ನು ನೋಡುತ್ತಾ ನಿಂತಿದ್ದರು, ಬಿಸಿ ಅನ್ನ ಆರಲಿ ಎಂದು ಕಾಯುವ ಹಸಿದವರ ಹಾಗೆ.

"ಒಂದು ಕೆಲಸ ಮಾಡಿ," ಎಂದೆ, ಕಣ್ಣು ಒರೆಸಿಕೊಳ್ಳುತ್ತಾ. "ನಾಳೆಯಿಂದ ಮನೇಲೇ ಬಾಚ್ಕೊಂಡು ಬನ್ನಿ."

"ಮನೇಲೂ ಬಾಚ್ಕೊಂಡಿದ್ದೆ ಮೇಡಂ."

ನಾನು ಬೇಗ ಬೇಗ ಉಳಿದ ನಟ್ಟುಗಳ ಕಡೆ ಬಗ್ಗಿದೆ. ಐವತ್ತಾರಕ್ಕೂ ಬಿಳಿ ಗೆರೆ ಎಳೆದು, ಮುಚ್ಚಳ ಹಾಕಿದೆ. ಅವರ ಕಾರು ಸಂಜೆಗೆ ಹೊರಟಿತು. ಕೆಂಪು ತ್ರಿಕೋನ ಇಲ್ಲ.

*

ಒಂಬತ್ತು ದಿನಕ್ಕೆ ಕಾರು ವಾಪಸ್ ಬಂತು. ಅದೇ ಕೆಂಪು ತ್ರಿಕೋನ, ಅದೇ ಒಂಬತ್ತನೇ ಬ್ಲಾಕು.

"ಅಂದ್ಕೊಂಡೆ," ಎಂದರು ಗ್ರೀಸ್ ಮಾವ. "ಕಾಯಿಲೆ ಕಾರಿಗಲ್ಲಮ್ಮ, ಡ್ರೈವರಿಗೆ. ಅವನೇ ಏನೋ ಕೆದಕಿ ತಂದಿರ್ತಾನೆ. ಬೆಂಕಿ ಇಲ್ದೆ ಹೊಗೆ ಆಡುತ್ತಾ?"

ತಮಾಷೆಗೆ ಹೇಳಿದ್ದು. ಆದರೆ ಆ ಮಾತು ನನ್ನ ಕಿವಿಯಲ್ಲಿ ಕೂತುಬಿಟ್ಟಿತು. ಬಂದರು ಎಂದು ಒಂದು ಕಡೆ ಎದೆ ಹಗುರಾಯಿತು, ಅದೇ ಉಸಿರಿನಲ್ಲಿ ನನ್ನ ಕೆಲಸದ ಮೇಲೆ ಆಟವಾಡುತ್ತಿದ್ದಾರೆಯೇ ಎಂದು ಉರಿಯಿತು.

ಪ್ಲಗ್ ಕಿತ್ತು, ಹತ್ತು ನಿಮಿಷ ಕಾದು, ಮುಚ್ಚಳ ತೆಗೆದೆ. ಐವತ್ತೈದು ಬಿಳಿ ಗೆರೆ ನೆಟ್ಟಗಿದ್ದವು. ಒಂದು ಮುರಿದಿತ್ತು. ಒಂಬತ್ತನೇ ಬ್ಲಾಕಿನ ಬಲಗಡೆಯ ನಟ್ಟು ಬೆರಳಿಗೇ ತಿರುಗುವಷ್ಟು ಸಡಿಲ.

ಅಳತೆಗೆ ಬಿಗಿದ ನಟ್ಟು ಒಂಬತ್ತು ದಿನಕ್ಕೆ ತಾನಾಗಿ ಸಡಿಲವಾಗುವುದಿಲ್ಲ. ಹದಿಮೂರು ವರ್ಷದಲ್ಲಿ ನನಗೆ ಒಂದೂ ಸಡಿಲವಾಗಿಲ್ಲ. ಡಿಕ್ಕಿಯೊಳಗೆ ನೋಡಿದೆ. ಬಟ್ಟೆಯಲ್ಲಿ ಸುತ್ತಿದ ಎಂಟನೇ ನಂಬರ್ ಸ್ಪ್ಯಾನರ್ ಸಿಕ್ಕಿತು. ಬ್ಯಾಟರಿಯ ನಟ್ಟಿಗೆ ಬೇಕಾಗುವುದೂ ಎಂಟನೇ ನಂಬರೇ.

ಸ್ಪ್ಯಾನರ್ ಹಿಡಿದುಕೊಂಡು ಹಗ್ಗದ ಹತ್ತಿರ ಹೋದೆ.

"ಇದು ಯಾತಕ್ಕೆ?"

"ವೀಲ್‌ಚೇರಿನ ಫುಟ್‌ರೆಸ್ಟ್ ಸಡಿಲ ಆಗ್ತಿರುತ್ತೆ ಮೇಡಂ. ಬಿಗಿ ಮಾಡೋಕೆ."

"ಅದೊಂದನ್ನೇ ಬಿಗಿ ಮಾಡ್ತೀರಾ, ಬೇರೆ ಯಾವ್ದಾದ್ರೂ ಸಡಿಲಾನೂ ಮಾಡ್ತೀರಾ?"

ಅವರಿಗೆ ಅರ್ಥವಾಗಲಿಲ್ಲ. ಅರ್ಥವಾಗುವ ಹಾಗೆ ಹೇಳಿದೆ. ಇಲ್ಲಿಗೆ ಬರಬೇಕೆನ್ನಿಸಿದರೆ ಬಾಗಿಲು ತೆರೆದೇ ಇರುತ್ತದೆ, ಅದಕ್ಕೆ ಇನ್ನೂರು ವೋಲ್ಟಿನೊಳಗೆ ಕೈ ಹಾಕುವ ಹುಡುಗಾಟ ಬೇಡ ಎಂದೆ. ಗ್ಯಾರೇಜಿನ ಆ ತುದಿಯಲ್ಲಿದ್ದವರೂ ಕೆಲಸ ನಿಲ್ಲಿಸಿ ನೋಡುವಷ್ಟು ಜೋರಾಗಿ ಹೇಳಿದೆ.

ಅವರ ಮುಖದಲ್ಲಿ ನಾನು ನಿರೀಕ್ಷಿಸಿದ ಪೆಚ್ಚುತನ ಕಾಣಲಿಲ್ಲ. ಆ ಮುಖ ನಿಧಾನವಾಗಿ ಮುಚ್ಚಿಕೊಂಡಿತು.

"ಮೇಡಂ, ಆ ಬ್ಯಾಟರಿಗೆ ಬೆನ್ನು ಕೊಟ್ಟು ಟೀಚರಜ್ಜಿ ಕೂರ್ತಾರೆ. ನಿಮ್ಮನ್ನ ನೋಡೋ ಆಸೆಗೆ ಅವರ ಬೆನ್ನ ಹಿಂದೆ ನಾನು ನಟ್ ಸಡಿಲ ಮಾಡ್ತೀನಾ?"

"ಮತ್ತೆ ಗೆರೆ ಹೇಗೆ ಮುರೀತು?"

"ನನಗೊತ್ತಿಲ್ಲ. ನಿಮ್ಮನ್ನ ನೋಡ್ಬೇಕು ಅನ್ನಿಸಿದ್ರೆ ಎರಡು ಟೀ ಹಿಡ್ಕೊಂಡು ಬರ್ತಿದ್ದೆ. ಅಷ್ಟು ಧೈರ್ಯ ನನಗಿತ್ತು."

ಕೀಯನ್ನು ಬಾನೆಟ್ ಮೇಲಿಟ್ಟು ನಡೆದು ಹೋದರು. ಕಾರನ್ನೂ ಬಿಟ್ಟು ಹೋದರು. ನಾನು ಸಿಟ್ಟಿನಲ್ಲಿ ಜಾಬ್ ಕಾರ್ಡ್ ತೆಗೆದು ಬರೆದೆ: 'ಗ್ರಾಹಕರೇ ಬ್ಯಾಟರಿ ಬಿಚ್ಚಿದ್ದಾರೆ.' ಆಸ್ಪತ್ರೆಯ ಲಿಸ್ಟಿನಲ್ಲಿರುವ ಕಾರುಗಳ ಜಾಬ್ ಕಾರ್ಡು ಆಸ್ಪತ್ರೆಗೂ ಹೋಗುತ್ತದೆ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ಬರೆದೆ.

ಮರುದಿನವೇ ಆಸ್ಪತ್ರೆಯವರು ಅವರ ಹೆಸರನ್ನು ಲಿಸ್ಟಿನಿಂದ ತೆಗೆದರು.

*

"ಕೆಲಸ ಕಳ್ಕೊಂಡಿದ್ದು ಅವರು, ಊಟ ಬಿಟ್ಟಿರೋದು ನೀನು," ಎಂದಳು ಅಕ್ಕ. ಅವಳ ಮನೆಯ ಹಿಂಬದಿಯ ಕೋಣೆಯಲ್ಲೇ ನನ್ನ ವಾಸ, ಗಂಡನಿಂದ ಬೇರೆಯಾದ ಮೇಲೆ. "ಏನಿದರ ಅರ್ಥ?"

"ಸುಸ್ತು."

"ಹತ್ತು ವರ್ಷದಿಂದ ಸುಸ್ತೇ ನೀನು. ಸುಸ್ತಲ್ಲೂ ಎರಡೆರಡು ತಟ್ಟೆ ಖಾಲಿ ಮಾಡ್ತಿದ್ದೆ. ಇದು ಬೇರೆ ಕಣೇ." ತಟ್ಟೆಯನ್ನು ನನ್ನ ಮುಂದೆ ಸರಿಸಿ ಹೇಳಿದಳು, "ಒಂದ್ಸಲ ನಿನ್ನ ಎಲೇನೂ ನೋಡ್ಕೋ. ತನ್ನ ಎಲೇಲಿ ಹೆಗ್ಗಣ ಸತ್ತು ಬಿದ್ದಿದ್ರೂ ಪಕ್ಕದೋರ ಎಲೆ ನೊಣ ಓಡಿಸೋಕೆ ಹೋದ್ರಂತೆ."

ಅವಳಿಗೆ ಬ್ಯಾಟರಿ ಎಂದರೆ ಟಾರ್ಚಿನದು ಮಾತ್ರ ಗೊತ್ತು. ಆದರೂ ಆ ಮಾತು ಬಿಡದೆ ಕಾಡಿತು.

ನಮ್ಮ ಟಾರ್ಕ್ ರೆಂಚಿಗೆ ನೆನಪಿನ ಶಕ್ತಿ ಇದೆ. ಎಷ್ಟು ಬಿಗಿದೆವು, ಯಾವ ಹೊತ್ತಿಗೆ ಬಿಗಿದೆವು, ಎಲ್ಲ ಅದರೊಳಗೆ ಉಳಿಯುತ್ತದೆ. ತೆಗೆದು ನೋಡುವವರು ಯಾರೂ ಇಲ್ಲ. ನಾನಂತೂ ಹದಿಮೂರು ವರ್ಷದಲ್ಲಿ ನೋಡಿರಲಿಲ್ಲ, ನೋಡುವ ಅಗತ್ಯ ನನಗಿಲ್ಲ ಎಂಬ ಜಂಬ. ಐದನೇ ದಿನ ಬೆಳಗ್ಗೆ ಎಲ್ಲರಿಗಿಂತ ಮೊದಲು ಹೋಗಿ, ಅದನ್ನು ಕಂಪ್ಯೂಟರಿಗೆ ಸಿಕ್ಕಿಸಿ ಆ ಮಧ್ಯಾಹ್ನದ ದಾಖಲೆ ತೆಗೆದೆ.

ಐವತ್ತೈದು.

ಮತ್ತೆ ಎಣಿಸಿದೆ. ಬೆರಳಿಟ್ಟು ಎಣಿಸಿದೆ. ಐವತ್ತೈದೇ. ಒಂದು ನಟ್ಟಿಗೂ ಇನ್ನೊಂದಕ್ಕೂ ನಡುವೆ ನಾಲ್ಕೈದು ಸೆಕೆಂಡು. ಒಂದು ಕಡೆ ಮಾತ್ರ ಒಂದು ನಿಮಿಷ ಹತ್ತು ಸೆಕೆಂಡು ಖಾಲಿ.

ಆ ಒಂದು ನಿಮಿಷ ಹತ್ತು ಸೆಕೆಂಡು ನಾನು ನಗುತ್ತಿದ್ದೆ. ನಕ್ಕು ಮುಗಿಸಿ, ಮುಂದಿನ ನಟ್ಟಿಗೆ ಹೋಗಿದ್ದೆ. ಬಿಗಿಯದ ನಟ್ಟಿನ ಮೇಲೂ ನನ್ನ ಕೈಯಾರೆ ಬಿಳಿ ಗೆರೆ ಎಳೆದಿದ್ದೆ.

ಸ್ಟೂಲಿನ ಮೇಲೆ ಕುಳಿತೆ. ಟೀಚರಜ್ಜಿಯ ಬೆನ್ನ ಹಿಂದೆ ಸಡಿಲ ನಟ್ಟು ಬಿಟ್ಟವಳು ನಾನು. ಆ ಮನುಷ್ಯನನ್ನು ನಾಲ್ಕು ಜನರ ಮುಂದೆ ನಿಲ್ಲಿಸಿ ಕಳ್ಳ ಎಂದವಳೂ ನಾನೇ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಮಾತನ್ನು ವಾಪಸ್ ತೆಗೆದುಕೊಳ್ಳಲು ಬಾರದು. ಆದರೆ ಬರೆದಿದ್ದನ್ನು ಹೊಡೆದುಹಾಕಬಹುದಿತ್ತು.

ಮ್ಯಾನೇಜರ್ ದಾಖಲೆ ನೋಡಿ, ಬಾಗಿಲು ಮುಚ್ಚಿದರು.

"ಯಾರಿಗೂ ಗೊತ್ತಿಲ್ವಲ್ಲ? ನಟ್ ಬಿಗಿ ಮಾಡಿ, ಕಾರು ಕೊಟ್ಟು ಕಳಿಸ್ಬಿಡಿ."

"ನಾನು ಬರೆದ ಸಾಲು ಹಾಗೇ ಇರುತ್ತಲ್ಲ ಸರ್. ಅವರ ಹೆಸರು ಲಿಸ್ಟಿಗೆ ವಾಪಸ್ ಬರಲ್ಲ."

"ಆ ಸಾಲು ಹೊಡೀಬೇಕಂದ್ರೆ ಕಾರಣ ಬರೀಬೇಕು. ಬರೆದ್ರೆ ನಿಮ್ಮ ಲೈಸೆನ್ಸ್ ಮೂರು ತಿಂಗಳು ಅಮಾನತು, ಮತ್ತೆ ಪರೀಕ್ಷೆ. ಅಲ್ಲೀವರೆಗೂ ಆಯಿಲ್ ಬದಲಾಯಿಸ್ತಾ ಕೂರ್ಬೇಕು. ಯೋಚನೆ ಮಾಡಿ."

"ಐದು ದಿನದಿಂದ ಅದನ್ನೇ ಮಾಡಿದ್ದು ಸರ್," ಎಂದೆ. "ಪೆನ್ ಕೊಡಿ."

*

ಆ ನಟ್ಟನ್ನು ಈ ಸಲ ಬಿಗಿದವಳು ನಾನಲ್ಲ, ನನ್ನ ಕೈಗೆ ಇನ್ನು ಅಧಿಕಾರವಿಲ್ಲ. ಪಕ್ಕದ ಗ್ಯಾರೇಜಿನಿಂದ ಲೈಸೆನ್ಸ್ ಇದ್ದವರನ್ನು ಕರೆಸಿದರು. ನಾನು ಹಗ್ಗದ ಆಚೆ ಕೊಕ್ಕೆಕೋಲು ಹಿಡಿದು ನಿಂತು ಬೀಪ್‌ಗಳನ್ನು ಎಣಿಸಿದೆ. ಆಮೇಲೆ ಕಾರು ತೆಗೆದುಕೊಂಡು ಆಸ್ಪತ್ರೆಗೆ ಹೋದೆ, ಆಫೀಸಿನಲ್ಲಿ ಪತ್ರ ಕೊಟ್ಟೆ, ಡಯಾಲಿಸಿಸ್ ಕಟ್ಟಡದ ಹಿಂದೆ ಅವರನ್ನು ಹುಡುಕಿದೆ.

ಅವರು ಮೆಟ್ಟಿಲ ಮೇಲೆ ಕುಳಿತಿದ್ದರು. ಪಕ್ಕದಲ್ಲಿ ಮಡಚಿದ ವೀಲ್‌ಚೇರ್. ಮಧ್ಯಾಹ್ನದ ಬಿಸಿಲು ಅವರ ಬೂಟಿನ ತನಕ ಬಂದಿತ್ತು. ನನ್ನನ್ನು ನೋಡಿ ಏಳಲಿಲ್ಲ.

"ಕಾರು ತಂದಿದೀನಿ. ನಿಮ್ಮ ಹೆಸರು ಮತ್ತೆ ಲಿಸ್ಟಲ್ಲಿದೆ."

"ಹೂಂ."

"ಆ ನಟ್ಟು ಸಡಿಲ ಬಿಟ್ಟಿದ್ದು ನಾನು."

ಆಗ ತಲೆ ಎತ್ತಿದರು.

"ಐವತ್ತಾರರಲ್ಲಿ ಒಂದನ್ನ ಬಿಗಿ ಮಾಡೋದೇ ಬಿಟ್ಟೆ. ಹದಿಮೂರು ವರ್ಷದಲ್ಲಿ ಒಂದೂ ಬಿಟ್ಟಿರ್ಲಿಲ್ಲ."

"ಅವತ್ತು ಯಾಕೆ ಬಿಟ್ರಿ?"

ದಾರಿಯುದ್ದಕ್ಕೂ ಇದಕ್ಕೆ ಒಂದು ಮರ್ಯಾದೆಯ ಉತ್ತರ ಕಟ್ಟಿಕೊಂಡು ಬಂದಿದ್ದೆ. ಕೆಲಸದ ಒತ್ತಡ, ಜನ ಕಡಿಮೆ, ಹೀಗೆ. ಅವರ ಕಣ್ಣು ನೋಡಿದ ಮೇಲೆ ಅದು ಬಾಯಿಗೆ ಬರಲಿಲ್ಲ.

"ನೀವು ತಲೆ ಬಾಚ್ಕೊಂಡ ವಿಷಯ ಹೇಳ್ತಿದ್ರಿ. ನನಗೆ ನಗು ಬಂತು. ಆಮೇಲೆ ಖುಷಿಯಾಯ್ತು. ಖುಷಿಯಾಗಿ ಎಷ್ಟೋ ವರ್ಷ ಆಗಿತ್ತಲ್ಲ, ಕೈಲಿ ಏನಿದೆ ಅನ್ನೋದೇ ಮರೆತೋಯ್ತು. ನೀವಂದ್ರೆ ನನಗೆ ಇಷ್ಟ. ಅದನ್ನ ಒಪ್ಕೊಳ್ಳೋದಕ್ಕಿಂತ ನಿಮ್ಮನ್ನ ಕಳ್ಳ ಅನ್ನೋದು ಸುಲಭ ಅನ್ನಿಸ್ತು. ತಪ್ಪಾಯ್ತು."

ಅವರು ಬೂಟಿನ ಮುಂದಿನ ಬಿಸಿಲನ್ನು ನೋಡಿದರು.

"ಮೂವರಿಗೆ ಬೇರೆ ಕಾರು ಸಿಕ್ತು," ಎಂದರು. "ಟೀಚರಜ್ಜಿ ಬೇರೆಯವರ ಕಾರು ಹತ್ತಲ್ಲ ಅಂದ್ರು. ಬಸ್ಸಲ್ಲಿ ಕರ್ಕೊಂಡು ಬಂದೆ. ಮೊನ್ನೆ ಬಸ್ಸಿನ ಮೆಟ್ಟಿಲಲ್ಲಿ ಅವರಿಗೆ ತಲೆ ತಿರುಗ್ತು. ನಾನು ಹಿಡ್ಕೊಳ್ದಿದ್ರೆ ಬೀಳ್ತಿದ್ರು. ಅದನ್ನ ಇವತ್ತೇ ಮರೆಯೋಕೆ ನನ್ನ ಕೈಲಿ ಆಗಲ್ಲ."

"ಮರೀಬೇಡಿ."

"ನಟ್ಟಿನ ವಾಷರ್ ಕೆಟ್ಟಿತ್ತು ಅಂದಿದ್ರೆ ನಾನು ನಂಬ್ತಿದ್ದೆ ಮೇಡಂ. ನನಗೇನು ಗೊತ್ತಾಗ್ತಿತ್ತು?"

"ನೀವು ನಂಬ್ತೀರಿ ಅಂತಾನೇ ಹೇಳ್ಲಿಲ್ಲ."

ಅವರು ನನ್ನನ್ನು ನೋಡಿದರು, ಕನ್ನಡಿಯಲ್ಲಿ ನೋಡಿದಂತಲ್ಲ, ನೇರವಾಗಿ. ಆಮೇಲೆ ವೀಲ್‌ಚೇರನ್ನು ಒಂದಿಷ್ಟು ಆಚೆ ಸರಿಸಿದರು. ಮೆಟ್ಟಿಲ ಮೇಲೆ ಒಬ್ಬರು ಕೂರುವಷ್ಟು ಜಾಗವಾಯಿತು. ಕುಳಿತೆ. ಅಜ್ಜಿಗಾಗಿ ಇಬ್ಬರೂ ಸೇರಿ ಕಾದೆವು.

ಅರ್ಧ ಗಂಟೆ ಕಳೆದು ನರ್ಸ್ ಟೀಚರಜ್ಜಿಯನ್ನು ಕರೆತಂದರು. ಸಣ್ಣ ಜೀವ, ದಪ್ಪ ಕನ್ನಡಕ, ಕೈಗೆ ಬ್ಯಾಂಡೇಜು.

"ಯಾರಪ್ಪ ಇವರು?"

"ಗ್ಯಾರೇಜಿನವರು ಅಜ್ಜಿ."

"ಓ! ಐದು ದಿನದಿಂದ ಬೈಸ್ಕೊಳ್ತಾ ಇರೋರು." ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಎಲ್ಲಾ ಕೆಲಸದಲ್ಲೂ ಇವನಿಗೆ ಸುಸ್ತಾಗುತ್ತಮ್ಮ. ನಿನ್ನನ್ನ ಬೈಯೋದ್ರಲ್ಲಿ ಮಾತ್ರ ಆಗ್ಲಿಲ್ಲ. ಆಗ್ಲೇ ಅಂದ್ಕೊಂಡೆ ನಾನು."

"ಅಜ್ಜಿ, ನಟ್ ಸಡಿಲ ಬಿಟ್ಟಿದ್ದು ನಾನೇ," ಎಂದೆ. "ನಿಮ್ಮ ಬೆನ್ನ ಹಿಂದೆ."

"ಈಗ ಬಿಗಿಯಾಗಿದೆಯಾ?"

"ಆಗಿದೆ."

"ಎಣಿಸಿದ್ದೀಯಾ?"

"ಎರಡು ಸಲ."

"ಸರಿ, ನಡೀರಿ. ನನಗೆ ಮಲಗ್ಬೇಕು."

ಕಾರಿನ ಹತ್ತಿರ ಬಂದು ನಾನು ಕೀ ಚಾಚಿದೆ. ಅವರು ತೆಗೆದುಕೊಳ್ಳಲಿಲ್ಲ. ಅಜ್ಜಿಯನ್ನು ಹಿಂದೆ ಕೂರಿಸಿ, ಬೆಲ್ಟ್ ಹಾಕಿ, ಬಾಗಿಲು ಮುಚ್ಚಿ, ಸುತ್ತು ಬಳಸಿ ಬಂದು ಮುಂದಿನ ಎಡ ಸೀಟಿನಲ್ಲಿ ಕುಳಿತರು.

"ನೀವೇ ಓಡಿಸಿ. ಐದು ದಿನದಿಂದ ನಿದ್ದೆ ಇಲ್ಲ."

"ನಾನಾ?"

"ಹನ್ನೊಂದು ವರ್ಷದಲ್ಲಿ ಸ್ಟೀರಿಂಗ್ ಯಾರ ಕೈಗೂ ಕೊಟ್ಟೋನಲ್ಲ ಇವನು," ಎಂದರು ಅಜ್ಜಿ ಹಿಂದಿನಿಂದ. "ಜ್ವರ ಬಂದಾಗ್ಲೂ."

ಎರಡನೇ ಸಿಗ್ನಲ್ ಬರುವ ಮೊದಲೇ ನನ್ನ ಪಕ್ಕದ ಸೀಟಿನಲ್ಲಿ ಅವರು ನಿದ್ದೆ ಹೋಗಿದ್ದರು. ತಲೆ ಕಿಟಕಿಗೆ ತಾಗದ ಹಾಗೆ ನಾನು ತಿರುವುಗಳನ್ನು ನಿಧಾನಕ್ಕೆ ತೆಗೆದುಕೊಂಡೆ. ಅಜ್ಜಿ ಪಿಸುಮಾತಿನಲ್ಲಿ ದಾರಿ ಹೇಳಿದರು. ಅವರ ಮನೆ ಬಂದಾಗ ಸೊಸೆ ಬಂದು ಇಳಿಸಿಕೊಂಡಳು. "ಎಬ್ಬಿಸಬೇಡ," ಎಂದು ಬೆರಳು ಆಡಿಸಿ ಅಜ್ಜಿ ಒಳಗೆ ಹೋದರು.

ಮರದ ನೆರಳಿಗೆ ಕಾರು ಸರಿಸಿ, ಕಿಟಕಿ ಇಳಿಸಿ ಕುಳಿತೆ. ಅವರು ಉಸಿರಾಡುವುದನ್ನು ನೋಡುತ್ತಿದ್ದೆ. ಮೂರು ತಿಂಗಳು ನಾನು ಬ್ಯಾಟರಿ ಮುಟ್ಟುವ ಹಾಗಿಲ್ಲ, ಹೆಸರೂ ಕೆಟ್ಟಿದೆ, ಆದರೂ ಮನಸ್ಸು ಹಗುರಾಗಿತ್ತು. ಈ ಮನುಷ್ಯನನ್ನು ನಾನು ಪ್ರೀತಿಸುತ್ತೇನೆ ಎಂದು ಒಳಗೊಳಗೇ ಒಮ್ಮೆ ಹೇಳಿಕೊಂಡೆ, ಸರಿಯಾಗಿ ಕೂರುತ್ತದೆಯೇ ಎಂದು ನೋಡಲು. ಕೂತಿತು.

ಮುಕ್ಕಾಲು ಗಂಟೆಯ ಮೇಲೆ ಕಣ್ಣು ಬಿಟ್ಟರು.

"ಅಜ್ಜಿ?"

"ಮನೆ ಸೇರಿ ಆಗ್ಲೇ ಒಂದು ನಿದ್ದೆ ಮುಗಿಸಿರ್ತಾರೆ."

"ಎಬ್ಬಿಸಬೇಕಿತ್ತು."

"ಮನಸ್ಸು ಬರ್ಲಿಲ್ಲ." ಕೇಳಬಾರದೆಂದುಕೊಂಡೇ ಕೇಳಿದೆ. "ಕೋಪ ಇಳೀತಾ?"

ಅವರು ಯೋಚಿಸಿದರು. "ಅರ್ಧ."

"ಉಳಿದರ್ಧ?"

"ಅದು ನಿಧಾನ. ಅದು ಇದ್ರೂ ಇರ್ಲಿ, ನೀವು ಹೋಗ್ಬೇಡಿ." ಕಣ್ಣುಜ್ಜಿಕೊಂಡು ನನ್ನ ಕಡೆ ತಿರುಗಿದರು. ಸ್ಟೀರಿಂಗಿನ ಮೇಲಿದ್ದ ನನ್ನ ಕೈಯ ಮೇಲೆ, ಗ್ಲೌಸಿಲ್ಲದ ಬರಿಗೈಯ ಮೇಲೆ, ತಮ್ಮ ಕೈ ಇಟ್ಟರು. "ನೀವೊಬ್ರೇ ಅಲ್ಲಿ, ನಾನೊಬ್ಬನೇ ಇಲ್ಲಿ, ಇಷ್ಟು ವರ್ಷ ಸುಸ್ತಾಗಿದ್ದು ಸಾಕು. ಇನ್ಮೇಲೆ ಇಬ್ರೂ ಒಂದೇ ಕಡೆ ಸುಸ್ತಾಗೋಣ."

ನನಗೆ ಅಳು ಬಂತು. ಅವರು ಕೈ ತೆಗೆಯಲಿಲ್ಲ, ನಾನೂ ತೆಗೆಯಲು ಬಿಡಲಿಲ್ಲ.